ಮಾನಪ್ಪ ಕಾಕಾನ ಉಲ್ಟಾ ಕೋಲು

ರೈಲು ಯಾದಗಿರಿ ಮುಟ್ಟಿದಾಗ ಬೆಳಗಿನ ಎಂಟೂವರೆ. ಮುಂಬೈಯಿಂದ ಕಾಲು ಮಡಚಿ ಕೂತು ಬಂದದ್ದಕ್ಕೆ ಬಲ ಮೊಣಕಾಲು ಬಾತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಯಾರೂ ನನ್ನ ಗುರುತು ಹಿಡಿಯಲಿಲ್ಲ. ಹಿಡಿಯಲಿ ಎಂಬ ಆಸೆಯೇ ಇರಲಿಲ್ಲವೆಂದರೆ ಸುಳ್ಳಾದೀತು. ಒಂಬತ್ತು ವರ್ಷ ಭಾರತ ಹಾಕಿ ತಂಡದ ಎಡ ಅಂಚಿನಲ್ಲಿ ಓಡಿದವಳು ನಾನು. ಹಾಲೆಂಡ್, ಕೊರಿಯಾ, ಅರ್ಜೆಂಟೀನಾದ ಮೈದಾನಗಳಲ್ಲಿ ಗೋಲು ಹೊಡೆದವಳು. ಭಾರತ ತಂಡ ನನ್ನನ್ನು ಕೈಬಿಟ್ಟು ಎರಡು ವರ್ಷವಾಯಿತು. ಹೋದ ತಿಂಗಳು ಮುಂಬೈನ ಕ್ಲಬ್ಬೂ ಹೊಸ ಪಟ್ಟಿ ಹಾಕಿತು. ಅದರಲ್ಲೂ ನನ್ನ ಹೆಸರಿರಲಿಲ್ಲ.

ಆ ಪಟ್ಟಿ ಓದಿದ ದಿನ ಮೊದಲು ನೆನಪಾದವರು ಸುರಪುರದ ಬಡಗಿ ಮಾನಪ್ಪ ಕಾಕಾ. ನನ್ನ ಮೊದಲ ಹಾಕಿ ಕೋಲು ಮಾಡಿಕೊಟ್ಟವರು ಅವರು. ಅವರಿಗೆ ಹೇಳಬೇಕಾದ ಮಾತೊಂದನ್ನು ಇಪ್ಪತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದೆ. ಅವರು ಇದ್ದಾರೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳೋಣವೆಂದರೆ ಸುರಪುರದಲ್ಲಿ ನನ್ನವರೆಂಬ ಒಬ್ಬರ ನಂಬರೂ ನನ್ನ ಬಳಿ ಇರಲಿಲ್ಲ.

ಬಸ್ ನಿಲ್ದಾಣದ ಹೊರಗೆ ಮಂಡಕ್ಕಿ ಸೂಸಲಾ, ಮಿರ್ಚಿ ತಿಂದು ಶಹಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಮುಂಬೈದ್ ಐತಲ್ರೀ ಅಕ್ಕಾರ. ನಡ್ಯಂಗಿಲ್ಲ."

"ನಾ ಸುರಪುರದಾಕಿ ಅದೀನ್ರಿ."

"ಅದೀರಿ, ಯಾರ್ ಇಲ್ಲ ಅಂದ್ರು? ಕಾರ್ಡಿನ್ಯಾಗ ಇಲ್ಲಲ್ರಿ."

ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಬಿಟ್ಟಿ ಟಿಕೆಟಿನವರು. ರೊಕ್ಕದ ಟಿಕೆಟ್ ನನಗೊಬ್ಬಳಿಗೇ. ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಿಟಕಿಯ ಕಡೆ ಸರಿದು ಕೂತಿತು. ಭೀಮಾ ನದಿಯ ಸೇತುವೆ ದಾಟಿದೆವು. ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ಬರೀ ಕಟ್ಟಿಗೆ ನಿಂತಿತ್ತು. ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಒಂದು ತಾಸು ಹಿಡಿಯಿತು. ಫೆಬ್ರವರಿಯಾದರೂ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಶಹಾಪುರದಲ್ಲಿ ಬಸ್ಸು ಬದಲಿಸುವ ಮುಂಚೆ ಆಟೋ ಮಾಡಿಕೊಂಡು ಹಳೆಯ ಮೈದಾನಕ್ಕೆ ಹೋದೆ. ನನ್ನ ಕಥೆ ಶುರುವಾದದ್ದೇ ಅಲ್ಲಿ. ಹಾಕಿ ಕೋಲಿಗೆ ಚಪ್ಪಟೆ ಮುಖ ಒಂದೇ, ಅದು ಎಡಗಡೆ ಇರಬೇಕು; ಚೆಂಡನ್ನು ಆ ಮುಖದಿಂದಲೇ ಹೊಡೆಯಬೇಕು. ಕಾಕಾ ಹಾಕಿ ಕೋಲನ್ನು ಕಣ್ಣಾರೆ ಕಂಡವರಲ್ಲ. ಹನ್ನೊಂದು ವರ್ಷದ ನಾನು ಹಟ ಹಿಡಿದೆನೆಂದು, ನಾನು ಒಯ್ದ ಪೇಪರಿನ ಚಿತ್ರ ನೋಡಿ ಜಾಲಿ ಕಟ್ಟಿಗೆಯಲ್ಲಿ ಕೆತ್ತಿದರು. ಚಿತ್ರದ ಆಟಗಾರ ನಮ್ಮ ಎದುರಿಗೆ ಮುಖ ಮಾಡಿ ನಿಂತಿದ್ದ. ಅವನ ಎಡ ನಮಗೆ ಬಲವಾಗಿ ಕಂಡಿತ್ತು, ಕಾಕಾ ಕಂಡ ಬದಿಗೇ ಚಪ್ಪಟೆ ಮಾಡಿದರು.

ಎರಡು ವರ್ಷ ಆ ಕೋಲಿನಲ್ಲೇ ಆಡಿದೆ. ಎಲ್ಲರೂ ಚೆಂಡನ್ನು ಬಲಕ್ಕೆ ಇಟ್ಟುಕೊಂಡರೆ ನಾನು ಎಡಕ್ಕೆ. ಇದೇ ಮೈದಾನದಲ್ಲಿ ನಡೆದ ನನ್ನ ಮೊದಲ ಟೂರ್ನಿಯಲ್ಲಿ ರೆಫರಿ ಕೋಲನ್ನು ಕಸಿದುಕೊಂಡು, "ಯಾವ ಹುಚ್ಚ ಮಾಡ್ಯಾನ ಇದನ್ನ?" ಅಂದರು. ನೆರೆದ ಮಂದಿಯೆಲ್ಲ ನಕ್ಕರು. ನಾನು ಸಿಟ್ಟಿನಲ್ಲಿ ಅದನ್ನು ಬೇಲಿಯಾಚೆ ಎಸೆದು, ಎರವಲು ಕೋಲು ಹಿಡಿದೆ. ಆದರೆ ಕೈ ಕೇಳಬೇಕಲ್ಲ! ಚೆಂಡು ತಾನಾಗಿ ಎಡಕ್ಕೇ ಹೋಯಿತು, ಮಣಿಕಟ್ಟು ತಾನಾಗಿ ಕೋಲನ್ನು ತಿರುವಿತು. ಎದುರು ತಂಡದವರಿಗೆ ತಲೆಬುಡ ತಿಳಿಯಲಿಲ್ಲ. ಎರಡು ಗೋಲು ಹೊಡೆದೆ. ನೋಡಲು ಬಂದಿದ್ದ ಕೋಚ್ ಒಬ್ಬರು ನನ್ನನ್ನು ಕ್ರೀಡಾ ಹಾಸ್ಟೆಲಿಗೆ ಕರೆದೊಯ್ದರು.

ಮುಂದಿನದೆಲ್ಲ ಆ ತಿರುವಿನಿಂದಲೇ ಬಂತು. ಎಡಗಡೆಯ ಹೊಡೆತ ಎಲ್ಲಿ ಕಲಿತೆ ಎಂದು ಪತ್ರಿಕೆಯವರು ಕೇಳಿದಾಗಲೆಲ್ಲ ಹಾಸ್ಟೆಲಿನಲ್ಲಿ ಅಂದೆ. ಜಾಲಿ ಕೋಲಿನ ಹೆಸರೆತ್ತಲು ನಾಚಿಕೆಯಾಗುತ್ತಿತ್ತು. ಆ ನಗೆ ಕಿವಿಯಲ್ಲೇ ಇತ್ತು. ಈಗ ಮೈದಾನದಲ್ಲಿ ಎರಡು ಎಮ್ಮೆ ಮೇಯುತ್ತಿದ್ದವು. ಬೇಲಿಯ ಜಾಗದಲ್ಲಿ ಕಾಂಪೌಂಡ್ ಗೋಡೆ ಎದ್ದಿತ್ತು.

ಸುರಪುರಕ್ಕೆ ಇನ್ನೂ ಇಪ್ಪತ್ತೈದು ಕಿಲೋಮೀಟರ್. ಮುಟ್ಟಿದಾಗ ಒಂದು ಗಂಟೆ. ಬಡಿಗೇರ ಓಣಿಯ ತುದಿಯಲ್ಲಿ ಕಟ್ಟಿಗೆ ಕೆತ್ತುವ ಬಾಚಿಯ ಸಪ್ಪಳ ಕೇಳಿ ಹೆಜ್ಜೆ ಜೋರು ಮಾಡಿದೆ. ಕಾಕಾ ಅಂಗಳದಲ್ಲಿ ಕೂತು ಬಾಗಿಲ ಪಟ್ಟಿ ಕೆತ್ತುತ್ತಿದ್ದರು. ಕನ್ನಡಕ ದಪ್ಪವಾಗಿತ್ತು, ಕೈ ಹಾಗೇ ಇತ್ತು.

"ಯಾರವಾ?"

"ಸುಜಾತಾ ರೀ ಕಾಕಾ. ತಹಸೀಲ ಕಚೇರಿ ಕಾರಕೂನರ ಮಗಳು."

ಬಾಚಿ ನಿಂತಿತು. "ಹಾಕಿ ಹುಡುಗಿ!" ಅಂದರು, ಆಮೇಲೆ ತಲೆ ತಗ್ಗಿಸಿದರು. ಕಾಕಿ ಬಸಮ್ಮ ನೀರು ತಂದುಕೊಟ್ಟು, ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ನಾನು ಕೈ ತೊಳೆದ ಮೇಲೆ ಕಾಕಾ ಬಾಚಿ ಬದಿಗಿಟ್ಟರು.

"ಶಾಪೂರದಾಗ ನಿನ್ನ ನೋಡಿ ಮಂದಿ ನಕ್ಕರಂತ," ಅಂದರು. "ಆಮ್ಯಾಲ ನಿನ್ನ ಸುದ್ದಿನ ಕಿವಿಗೆ ಬೀಳಲಿಲ್ಲ, ನೀ ಆಟ ಬಿಟ್ಟಿ ಅಂತ ತಿಳಕೊಂಡಿದ್ದೆ. ನನ್ನ ಕೈಲಿಂದ ಹಾಳಾದಿ."

"ಬಿಟ್ಟಿಲ್ರಿ ಕಾಕಾ. ದೇಶಕ್ಕ ಆಡೀನಿ. ಆ ಉಲ್ಟಾ ಕೋಲಿನ ಚಾಳಿಯಿಂದನ ಆಡೀನ್ರಿ."

"ಸಮಾಧಾನ ಮಾಡಾಕ ಬಂದಿಯೇನು?"

ಎಷ್ಟು ಹೇಳಿದರೂ ನಂಬಲಿಲ್ಲ. ಎದ್ದು ಹೋಗಿ ಅಟ್ಟದಿಂದ ಒಂದು ಕೋಲು ಇಳಿಸಿದರು. ಹಾಕಿ ಕೋಲು, ಚಪ್ಪಟೆ ಮುಖ ಎಡಕ್ಕೆ. ಟೂರ್ನಿಯ ಸುದ್ದಿ ಕೇಳಿದ ವಾರವೇ ಶಹಾಪುರಕ್ಕೆ ಹೋಗಿ, ನಿಜವಾದ ಕೋಲನ್ನು ಮುಟ್ಟಿ ನೋಡಿ ಬಂದು ಮಾಡಿದ್ದಂತೆ. ಅದನ್ನು ಹಿಡಿದು ಬರುವಷ್ಟರಲ್ಲಿ ನಮ್ಮಪ್ಪನಿಗೆ ವರ್ಗವಾಗಿ ಮನೆಗೆ ಬೀಗ ಬಿದ್ದಿತ್ತು.

ಕೋಲು ಗಿಡ್ಡವಾಗಿತ್ತು. ಆದರೂ ಹಿಡಿದು, ಮಂಚದ ಕಾಲಿಗೆಂದು ಕಡೆದಿಟ್ಟ ಕಟ್ಟಿಗೆಯ ಗುಂಡೊಂದನ್ನು ನೆಲಕ್ಕೆ ಹಾಕಿದೆ. ಮೊಣಕಾಲು ಹಾಳಾಗಿ ಹೋಗಲಿ ಎಂದು ಬಗ್ಗಿ, ಎಡಕ್ಕೆ ಎಳೆದುಕೊಂಡು ಮಣಿಕಟ್ಟು ತಿರುವಿ ಹೊಡೆದೆ. ಗುಂಡು ಅಂಗಳ ದಾಟಿ ಓಣಿಗೆ ಬಿತ್ತು. ಕಾಕಾ ಅದರ ಕಡೆ ನೋಡಲೇ ಇಲ್ಲ, ನನ್ನ ಕೈ ನೋಡುತ್ತಿದ್ದರು. ಇನ್ನೊಮ್ಮೆ ಅಂದರು. ಇನ್ನೊಮ್ಮೆ ಹೊಡೆದೆ. ಹತ್ತಿರ ಬಂದು ನನ್ನ ಮಣಿಕಟ್ಟನ್ನು ಹಿಡಿದು ತಿರುವಿ ನೋಡಿದರು.

"ಇದು ಖರೇನ ನನ್ನ ಕೋಲಿನ ಚಾಳಿ," ಅಂದರು. "ಯವ್ವಾ, ಇದನ್ನ ಹೇಳಾಕ ಇಪ್ಪತ್ತು ವರ್ಷ ಹಿಡೀತೇನು? ಅವತ್ತಿನಿಂದ ಒಂದು ಬಾಗಲಾ ಮಾಡೂ ಮುಂದನೂ ಎಡ ಯಾವ್ದು, ಬಲ ಯಾವ್ದು ಅಂತ ಎರಡೆರಡು ಸಲ ಕೇಳಿ ಮಾಡೀನಿ."

"ತಪ್ಪಾತ್ರಿ ಕಾಕಾ," ಅಂದೆ. ಅತ್ತುಬಿಟ್ಟೆ. ಪರದೇಶದ ಹೋಟೆಲ್ ಕೋಣೆಗಳಲ್ಲಿ ಗೋಲು ಹೊಡೆದ ಸುದ್ದಿ ಹೇಳಲು ಯಾರೂ ಇಲ್ಲವೆಂದು ಕೊರಗಿದವಳು ನಾನು. ಕೇಳಿ ಹಿಗ್ಗುವವರು ಇಲ್ಲೇ ಕೂತಿದ್ದರು, ಅವರ ನೆನಪನ್ನೇ ನುಂಗಿಕೊಂಡಿದ್ದೆ.

ಹೊರಡುವಾಗ ಆ ಕೋಲು ಕೊಡಿ ಎಂದು ಕೇಳಿದೆ. ಕಾಕಾ ಕೊಡಲಿಲ್ಲ.

"ಇದು ಸರಿ ಐತಿ. ನಿನಗ ಹೊಂದಂಗಿಲ್ಲ. ಉಲ್ಟಾದ್ದು ಮಾಡಿ ಕೊಡ್ತೀನಿ."

"ಅದರಾಗ ಯಾರೂ ಆಡಾಕ ಬಿಡಂಗಿಲ್ರಿ."

"ನಮ್ಮ ಅಂಗಳದಾಗ ಯಾವ ರೆಫರಿ ಬರ್ತಾನ?"

ನನ್ನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಸೊಂಟದ ಎತ್ತರಕ್ಕೆ ಉಳಿಯಿಂದ ಗೀರು ಹಾಕಿದರು. ಅದರ ಒಂದು ಗೇಣು ಕೆಳಗೆ ಇನ್ನೊಂದು ಗೀರಿತ್ತು, ಬಣ್ಣ ತುಂಬಿಕೊಂಡದ್ದು. ಹನ್ನೊಂದು ವರ್ಷದ ನನ್ನ ಅಳತೆ.

"ಕಟ್ಟಿಗಿ ಒಣಗಬೇಕು. ಹದಿನೈದು ದಿನ ಬಿಟ್ಟು ಬಾ," ಅಂದರು. ಕಾಕಿ, "ಮರೀಬ್ಯಾಡ ಮತ್ತ" ಅಂದರು.

ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಓಣಿ ಕಾಣಲಿಲ್ಲ, ಊರ ಹಿಂದಿನ ಗುಡ್ಡವಷ್ಟೇ ಕಂಡಿತು. ಕಂಡಕ್ಟರ್ ಬಂದರು, ನಾನು ಕಾರ್ಡು ತೆಗೆಯದೆ ರೊಕ್ಕ ಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಇಲ್ಲಿಗೇ ಬರಬೇಕು; ಅವತ್ತು ನನಗೆ ಬೇರೆಲ್ಲೂ ಆಟವಿರಲಿಲ್ಲ.