ನ್ಯೂ ಫೋಲ್ಡರ್‌ನಲ್ಲಿದ್ದ ಗಂಗವ್ವ

೨೦೦೪ನೇ ಇಸವಿ. ಹಳಿಯಾಳದ ಪ್ಯಾಟಿಯಲ್ಲಿ ನಮ್ಮದೊಂದು ವಿಡಿಯೋ ಶೂಟಿಂಗ್ ಅಂಗಡಿ ಇತ್ತು. ಗಂಡ ಕಟ್ಟಿದ ಅಂಗಡಿ. ಅವರು ತೀರಿಕೊಂಡ ಮೇಲೆ ಬೋರ್ಡಿನ ಮೇಲೆ ಮೈದುನ ಈರಪ್ಪನ ಹೆಸರು ಬಂತು. ಅವನು ಕ್ಯಾಮೆರಾ ಹೊತ್ತು ಲಗ್ನಗಳಿಗೆ ಹೋಗುತ್ತಿದ್ದ. ನಾನು ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮಿಕ್ಸಿಂಗ್ ಮಾಡುತ್ತಿದ್ದೆ. ಅಂದರೆ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಹಾಡು ಹಾಕುವ ಕೆಲಸ. ಮೂರನೇ ಇಯತ್ತೆ ಕಲಿತವಳಿಗೆ ಇದು ಹೆಂಗ ಸಿಕ್ಕಿತು ಅಂತ ಕೇಳುತ್ತಾರೆ. ಗಂಡ ಸತ್ತವಳನ್ನು ಲಗ್ನದ ಮನೆಗೆ ಲೈಟ್ ಹಿಡಿಯಲಿಕ್ಕೂ ಕರೆಯುವುದಿಲ್ಲ. ಅದಕ್ಕೇ ಸಿಕ್ಕಿತು.

ಈ ಧಂದೆಯಲ್ಲಿ ಒಂದು ಪದ್ಧತಿ ಇತ್ತು. ಸಿಡಿ ಮಾಡುವ ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು ಬಂದು ನನ್ನ ಪಕ್ಕ ಕೂತು, ಇದನ್ನ ಇಡ್ರಿ, ಅದನ್ನ ತಗೀರಿ ಅನ್ನುವರು. ಕುಡಿದು ಬಿದ್ದ ಮಾವ ಹೋಗುತ್ತಿದ್ದ, ಮುಖ ಊದಿಸಿಕೊಂಡ ಅತ್ತಿಗೆ ಹೋಗುತ್ತಿದ್ದಳು. ತಪ್ಪದೇ ಹೋಗುತ್ತಿದ್ದವರು ವಿಧವೆಯರು.

ತೇರಗಾಂವದ ಶೋಭಾಳ ಲಗ್ನದಲ್ಲೂ ಹಾಗೇ ಆಯಿತು. ಅವಳ ತಾಯಿ ಗಂಗವ್ವ ಕೂಲಿ ಮಾಡಿ ಮಗಳನ್ನು ಬೆಳೆಸಿದವಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಹಂದರದ ಹಿಂದಿನ ಅಡಿಗೆ ಬಾಗಿಲಲ್ಲಿ ನಿಂತು, ಸೆರಗಿನಿಂದ ಕಾಳು ತೆಗೆದು ಮಗಳ ಕಡೆ ಎಸೆದಿದ್ದಳು. ಈರಪ್ಪನ ಕ್ಯಾಮೆರಾ ಅದನ್ನು ಹಿಡಿದಿತ್ತು.

“ಈಕಿನ್ನ ತಗೀರಿ,” ಅಂದ ಗಂಡಿನ ಅಪ್ಪ. “ತಾಳಿ ಕಟ್ಟೂ ಹೊತ್ತಿನ್ಯಾಗ ಈ ಮಾರಿ ಯಾಕ?”

“ಹುಡುಗಿ ತಾಯಿ ಅಲ್ಲೇನ್ರಿ?”

“ತಾಯಿ ಇದ್ರ ಅಡಗಿ ಮನ್ಯಾಗ ಇರ್ಲಿ.”

ಬಳೆಯಿಲ್ಲದ ನನ್ನ ಬರಿಗೈ ಅವನ ಕಣ್ಣೆದುರೇ ಮೌಸ್ ಮೇಲಿತ್ತು. ಅವನಿಗೆ ಅದು ಕಾಣಲಿಲ್ಲ. ಕತ್ತರಿಸಿದೆ, ಆದರೆ ಬಿಸಾಕಲಿಲ್ಲ. ಹಾಗೆ ಕತ್ತರಿಸಿದವರನ್ನೆಲ್ಲ ಡಿ ಡ್ರೈವಿನ ಒಂದು ಫೋಲ್ಡರಿನಲ್ಲಿ ಇಡುತ್ತಿದ್ದೆ. ಇಂಗ್ಲಿಷ್ ಬರೆಯಲು ಬಾರದ್ದರಿಂದ ಕಂಪ್ಯೂಟರ್ ತಾನೇ ಕೊಟ್ಟ ‘ನ್ಯೂ ಫೋಲ್ಡರ್’ ಅನ್ನುವ ಹೆಸರೇ ಅದಕ್ಕೆ ಉಳಿದಿತ್ತು. ಟೇಪಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದು ಲಗ್ನದ ಟೇಪಿನ ಮೇಲೆಯೇ ಮುಂದಿನ ಲಗ್ನ ಹಿಡಿಯುವುದು ಈರಪ್ಪನ ರೂಢಿ.

ಆ ವರ್ಷ ಹೊಸ ಕ್ಯಾಮೆರಾ ಬಂತು, ಅದರ ಜೊತೆ ಒಂದು ತೊಂದರೆಯೂ ಬಂತು. ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಸುಮಾರು ಇಪ್ಪತ್ತು ನಿಮಿಷಕ್ಕೆ ಫೈಲ್ ನಿಂತುಬಿಡುತ್ತಿತ್ತು. ದಾಂಡೇಲಿಯಿಂದ ಮೆಕ್ಯಾನಿಕ್ ಸಲೀಮನನ್ನು ಕರೆಸಿದೆವು. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿರಬೇಕು ಅನ್ನುವ ವ್ಯವಸ್ಥೆಗೆ ಫೈಲ್ ಸಿಸ್ಟಮ್ ಅನ್ನುತ್ತಾರೆ. ನಮ್ಮದು ಹಳೆಯ ಫ್ಯಾಟ್-೩೨. ಅದರಲ್ಲಿ ಒಂದು ಫೈಲ್ ನಾಲ್ಕು ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್‌ಗೆ ಬದಲಿಸಿದರೆ ಆ ತೊಡಕಿಲ್ಲ.

“ಫಾರ್ಮ್ಯಾಟ್ ಹೊಡದ್ರ ಎಲ್ಲಾ ಸಾಫ್, ಅಮ್ಮಾ. ಕನ್ವರ್ಟ್ ಮಾಡಿದ್ರ ಮನಿ ಮಂದಿ ಒಳಗ ಇರ್ತಾರ, ಗ್ವಾಡಿ ಅಷ್ಟ ಬದಲಿ ಮಾಡ್ತೇವಿ.”

“ನಡುವ ಕರೆಂಟ್ ಹೋದ್ರ?”

“ಮಂದಿ ಮ್ಯಾಲ ಗ್ವಾಡಿ ಬೀಳ್ತೈತಿ. ಅದಕ್ಕ ಯುಪಿಎಸ್ ತಂದೇನಿ.”

ತರಲೇಬೇಕಿತ್ತು. ಕರೆಂಟ್ ಹುಟ್ಟಿಸುವ ಡ್ಯಾಮು ಹತ್ತಿರದ ಗಣೇಶಗುಡಿಯಲ್ಲಿ, ಕತ್ತಲೆ ನಮ್ಮಲ್ಲಿ. ಮೊದಲು ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆಯೋಣ ಅಂದ ಸಲೀಮ. “ಏನೂ ಹೋಗಂಗಿಲ್ಲ ಅಂತೀ, ಮತ್ಯಾಕ?” ಅಂದ ಈರಪ್ಪ.

ಅವತ್ತೇ ಶೋಭಾ ಬಂದಳು. ಗಂಗವ್ವ ಜ್ವರದಲ್ಲಿ ಹೋಗಿ ಆಗಿನ್ನೂ ತಿಂಗಳಾಗಿರಲಿಲ್ಲ. “ಅವ್ವಂದು ಒಂದು ಫೋಟೋನೂ ಇಲ್ರಿ ಅಕ್ಕಾರ. ಸಿಡಿ ಪೂರಾ ನೋಡ್ದೆ, ಎಲ್ಲೂ ಇಲ್ಲ.”

“ನನ್ನ ಹತ್ರ ಐತಿ, ಕೂಡು,” ಅಂದೆ. ಸಲೀಮ ಆಗಲೇ ಮೆಷಿನ್ ಮುಂದೆ ಕೂತಿದ್ದ. ಅವನ ಕೆಲಸ ಮುಗಿದ ಮೇಲೆ ಸಿಡಿ ಮಾಡಿಕೊಟ್ಟರಾಯಿತು. ಈರಪ್ಪನಿಗೆ ಹೇಳಿದೆ: “ನ್ಯೂ ಫೋಲ್ಡರ್ ಮುಟ್ಟಬ್ಯಾಡಪಾ. ಈಕಿ ತಾಯಿ ಅದರಾಗ ಅದಾಳ.” ಅವನು ಹೂಂ ಅಂದ. ಚಹಾ ಮಾಡಲು ಹಿಂದಿನ ಮನೆಗೆ ಹೋದೆ.

ಬರುವಷ್ಟರಲ್ಲಿ ಕರಿ ಪರದೆಯ ಮೇಲೆ ಬಿಳಿ ಅಕ್ಷರ ಓಡುತ್ತಿದ್ದವು. ಕರೆಂಟ್ ಹೋಗಲಿಲ್ಲ, ಗೋಡೆ ಬೀಳಲಿಲ್ಲ. ಮುಗಿದ ಮೇಲೆ ಸಲೀಮ ಒಂದೊಂದೇ ಲಗ್ನ ತೆರೆದು ತೋರಿಸಿದ. “ನೋಡ್ರಿ ಅಮ್ಮಾ, ಏನೂ ಹೋಗಿಲ್ಲ.” ಪರೀಕ್ಷೆಗೆಂದು ಒಂದಿಡೀ ಟೇಪನ್ನು ಒಂದೇ ಫೈಲಾಗಿ ಇಳಿಸಿದರು. ಎಲ್ಲೂ ನಿಲ್ಲಲಿಲ್ಲ. ಈರಪ್ಪ ಚಪ್ಪಾಳೆ ಹೊಡೆದ. ಆಮೇಲೆ ಮೌಸ್ ನನ್ನ ಕೈಗೆ ಬಂತು. ನ್ಯೂ ಫೋಲ್ಡರ್ ಇರಲಿಲ್ಲ.

“ಕನ್ವರ್ಟಿಗೆ ಖಾಲಿ ಜಾಗಾ ಬೇಕಮ್ಮಾ, ಡ್ರೈವ್ ಫುಲ್ ಇತ್ತು. ಮಾಲಕರ್ನ ಕೇಳೇ ಅಳಿಸೇನಿ,” ಅಂದ ಸಲೀಮ. ಅವನ ದನಿ ಇಳಿದಿತ್ತು.

ಈರಪ್ಪ ನನ್ನ ಮುಖ ನೋಡಲಿಲ್ಲ. “ವೈನಿ, ಅವರು ತಗೀರಿ ಅಂದಿದ್ದನ್ನ ನಾವು ಕೊಟ್ರ, ನಾಳೆ ಆ ಮಂದಿ ನಮ್ಮನ್ನ ಲಗ್ನಕ್ಕ ಕರೀತಾರೇನು?”

“ಸತ್ತಾಕಿಗೂ ಅಂಜತಾರೇನೋ ಅವರು?”

ಸಲೀಮ ರಿಕವರಿ ಸಾಫ್ಟ್‌ವೇರ್ ಹಾಕಿ ಸಂಜೆವರೆಗೆ ಒದ್ದಾಡಿದ. ಅಳಿಸಿದ ಫೈಲ್ ಒಮ್ಮೆಲೇ ಹೋಗುವುದಿಲ್ಲವಂತೆ. ಅದರ ಜಾಗದಲ್ಲಿ ಬೇರೆಯದು ಬಂದು ಕೂತರೆ ಮಾತ್ರ ಹೋಗುತ್ತದೆ. ಪರೀಕ್ಷೆಯ ಟೇಪು ಅಲ್ಲೇ ಬಂದು ಕೂತಿತ್ತು. ಸಿಕ್ಕ ತುಂಡುಗಳನ್ನು ತೆರೆದರೆ ಯಾರದೋ ಲಗ್ನದ ವರಾತದ ಮೆರವಣಿಗೆ, ಬ್ಯಾಂಡಿನವರ ಕುಣಿತ. ಶೋಭಾ ನಿಂತೇ ನೋಡಿದಳು.

“ಬಿಡ್ರಿ ಅಕ್ಕಾರ,” ಅಂದಳು. “ಇದ್ದಾಗೂ ಆಕಿನ್ನ ಹಿಂಗ ಸರಸತಿದ್ರು.”

ಕೊನೇ ಬಸ್ಸಿಗೆ ಹೊರಟುಹೋದಳು.

ಡ್ರೈವ್ ಬದಲಿಸುವ ಮುಂಚೆ ಬ್ಯಾಕಪ್ ತೆಗೆಯಿರಿ, ಕರೆಂಟ್ ನೋಡಿಕೊಳ್ಳಿ, ಜಾಗ ಬಿಡಿ ಅಂತ ಮೆಕ್ಯಾನಿಕ್ ಹೇಳುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಯಾವುದು ಕಸ ಅಂತ ಮೆಷಿನ್ ಹೇಳುವುದಿಲ್ಲ, ಪಕ್ಕದಲ್ಲಿ ನಿಂತವನು ಹೇಳುತ್ತಾನೆ. ಆ ಕೆಲಸ ಕಲಿಸಿದ್ದು ಇಷ್ಟೇ: ಮೊದಲು ಅವನನ್ನು ಕೋಣೆಯಿಂದ ಹೊರಗೆ ಕಳಿಸಬೇಕು.

ಶೋಭಾಳ ಲಗ್ನದ ಸಿಡಿ ಈಗಲೂ ನನ್ನ ಬಳಿ ಒಂದಿದೆ. ತಾಳಿ ಕಟ್ಟುವಾಗ ಎಲ್ಲರ ಕಾಳೂ ಮುಂದಿನಿಂದ ಬೀಳುತ್ತವೆ. ಒಂದು ಹಿಡಿ ಮಾತ್ರ ಹಿಂದಿನಿಂದ, ಅಡಿಗೆ ಬಾಗಿಲ ಕಡೆಯಿಂದ ಬಂದು ಹುಡುಗಿಯ ಹೆಗಲಿಗೆ ಬೀಳುತ್ತದೆ. ಆ ಕಡೆ ಯಾರೂ ಇಲ್ಲ. ಕತ್ತರಿಸಿದವಳು ನಾನು, ನನಗೆ ಗೊತ್ತು.