ಹೊಡೆದುಹಾಕಿದ ಮಾತು

ನಮ್ಮ ನಾಟಕ ವಾಚನಕ್ಕೆ ಮೊದಲ ಸಲ ಬಂದವರೆಲ್ಲ ಅತ್ತಿತ್ತ ನೋಡುತ್ತಾರೆ. ಪರದೆ ಎಲ್ಲಿ, ವೇಷ ಎಲ್ಲಿ, ಹಾರ್ಮೋನಿಯಂ ಎಲ್ಲಿ ಅಂತ. ಏನೂ ಇರುವುದಿಲ್ಲ. ಒಂದಷ್ಟು ಕುರ್ಚಿ, ಓದುವವರ ಕೈಯಲ್ಲಿ ಕಾಗದ, ಗಂಟಲು ಒಣಗಿದರೆ ಒಂದು ತಂಬಿಗೆ ನೀರು. ಯಾರೋ ಹೊಸದಾಗಿ ಬರೆದ ನಾಟಕವನ್ನು ಬೇರೆಯವರು ಜನರೆದುರು ಓದುತ್ತಾರೆ, ಬರೆದವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ, ಆಮೇಲೆ ಮನೆಗೆ ಹೋಗಿ ತಿದ್ದುತ್ತಾರೆ. ಇಷ್ಟೇ ನಮ್ಮ ಕೆಲಸ. ಜೋರಾಪುರ ಪೇಟೆಯ ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಶುರುವಾದದ್ದು ಈಗ ಊರೂರು ಸುತ್ತುತ್ತಿದೆ.

ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಸಂಬಳ ನಿಂತರೂ ಜಬರ್ದಸ್ತು ನಿಂತಿಲ್ಲ. ಓದು ಮುಗಿದ ಮೇಲೆ 'ಭಾಳ ಚೊಲೋ ಆತ್ರಿ' ಅಂದು ಏಳುವವರನ್ನು ಕೂರಿಸುತ್ತೇನೆ. ಚೊಲೋ ಆಯಿತೋ ಕೆಟ್ಟಿತೋ ನನಗೆ ಬೇಡ, ಯಾವ ಮಾತು ನಿಮ್ಮ ಜೊತೆ ಉಳಿಯಿತು, ಎಲ್ಲಿ ಆಕಳಿಕೆ ಬಂತು, ಅದನ್ನು ಹೇಳಿ ಅನ್ನುತ್ತೇನೆ. ನಮ್ಮ ಕಡೆಯ ಪ್ರೇಕ್ಷಕರಿಗೆ ಇನ್ನೊಂದು ಚಟವಿದೆ. ಹಾಡು ಹಿಡಿಸಿದರೂ ಮಾತು ಹಿಡಿಸಿದರೂ 'ವನ್ಸ್ ಮೋರ್' ಅಂತ ಕೂಗಿ ಮತ್ತೊಮ್ಮೆ ಮಾಡಿಸುತ್ತಾರೆ. ಅದು ನಮ್ಮಲ್ಲಿ ನಡೆಯುವುದಿಲ್ಲ. ನಾಟಕ ಇನ್ನೂ ಬೇಯುತ್ತಿರುವಾಗ ಎಂಥ ವನ್ಸ್ ಮೋರ್?

ಬರೆಯುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ತಾಂಡಾದ ಹುಡುಗಿಯೊಬ್ಬಳು ಬರೆದಳು, ಸಿದ್ಧೇಶ್ವರ ಗುಡಿಯ ಹತ್ತಿರ ಬಳೆ ಮಾರುವಾಕೆ ಬರೆದಳು. ಬಸ್ ಡಿಪೋದ ಮೆಕ್ಯಾನಿಕ್ ಬರೆದದ್ದನ್ನು ಓದುವಾಗ ಓದುವವರೇ ನಕ್ಕು ನಕ್ಕು ಕಾಗದ ಕೆಳಗೆ ಬೀಳಿಸಿದರು. ಆದರೆ ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ತಿಕೋಟಾದ ಹುಡುಗಿಯ ನಾಟಕ.

ಆಕೆ ನನ್ನ ಹಳೆಯ ವಿದ್ಯಾರ್ಥಿನಿ, ಈಗ ತಿಕೋಟಾದಲ್ಲಿ ಸಾಲಿ ಟೀಚರ್. ತಂದೆ ದ್ರಾಕ್ಷಿ ಒಣಗಿಸುವ ಶೆಡ್ಡೊಂದನ್ನು ನೋಡಿಕೊಳ್ಳುತ್ತಿದ್ದರು. ತಾಯಿ ಅದೇ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸರ ಜೊತೆ ಕೂರುತ್ತಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ಅವರ ಸುದ್ದಿಯನ್ನೇ ಎತ್ತಲಿಲ್ಲವಂತೆ. ಅತ್ತರೆ ಸಮಾಧಾನವನ್ನಾದರೂ ಮಾಡಬಹುದಿತ್ತು, ಅಳಲೂ ಇಲ್ಲ. ದಿನವಿಡೀ ಏನಾದರೊಂದು ಕೆಲಸ ಹಚ್ಚಿಕೊಂಡು ಓಡಾಡುವುದು, ಮಗಳು ಮಾತು ತೆಗೆದರೆ ಒಲೆಯ ಕಡೆ ತಿರುಗುವುದು. ಆ ಮೌನದ ಬಾಗಿಲು ತಟ್ಟಲಿಕ್ಕೆಂದೇ ಹುಡುಗಿ ನಾಟಕ ಬರೆದಳು. ತಾಯಿ ಅದನ್ನು ಕೇಳಬೇಕು, ಕೇಳಿ ಏನಾದರೂ ಅನ್ನಬೇಕು. ಆಕೆಗೆ ಬೇಕಾದದ್ದು ಅದೊಂದೇ.

ನಾಟಕದಲ್ಲಿ ಒಂದು ಮನೆ, ಒಬ್ಬ ಗಂಡ, ಒಬ್ಬಳು ಹೆಂಡತಿ. ಪ್ರತಿ ಸಂಜೆ ಗಂಡ ಕರವಸ್ತ್ರದಲ್ಲಿ ಒಂದು ಹಿಡಿ ದ್ರಾಕ್ಷಿ ಕಟ್ಟಿಕೊಂಡು ಬಂದು ಗೋಡೆಯ ಗೂಡಿನಲ್ಲಿ ಇಡುತ್ತಾನೆ. ಹೆಂಡತಿ ಚಹಾ ಕೊಡುತ್ತಾಳೆ. ಇಬ್ಬರೂ ನೀರಿನ ಸುದ್ದಿ, ಮೋಡದ ಸುದ್ದಿ ಮಾತಾಡುತ್ತಾರೆ, ತಮ್ಮ ಸುದ್ದಿ ಮಾತ್ರ ಇಲ್ಲ. ಕೊನೆಯ ಸಂಜೆ ಗಂಡ ಕರವಸ್ತ್ರ ಇಟ್ಟು ಹೆಂಡತಿಗೆ ಹೇಳುತ್ತಾನೆ:

"ಇವತ್ತ ನೀ ಕುಂಡ್ರು. ಚಾ ನಾ ಮಾಡ್ತೀನಿ. ನೀ ದಣದಿ ಅಂತ ನನಗ ದಿನಾ ಕಾಣತೈತಿ, ಅನ್ನಾಕ ಬಾಯಿ ಬರೂದಿಲ್ಲ."

ಮೊದಲ ವಾಚನ ನಮ್ಮ ಮಾಳಿಗೆಯಲ್ಲೇ ಆಯಿತು. ಹೆಂಡತಿಯ ಪಾತ್ರ ಓದಿದ್ದು ಪಕ್ಕದ ಮನೆಯ ನರ್ಸ್. ಗಂಡನದು ಬಬಲೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಹಿರಿಯರು, ನಮಗೆಲ್ಲ ಕಾಕಾ. ಹರೆಯದಲ್ಲಿ ಊರ ನಾಟಕಗಳ ಹೀರೋ. ರಂಗದ ಮೇಲೆ ಹುಲಿಯಂತಿದ್ದ ಮನುಷ್ಯ ಅವತ್ತು ಕಾಗದದ ಮುಂದೆ ಬೆಕ್ಕಾದರು. ಸಾಲಿನ ಕೆಳಗೆ ಬೆರಳಿಟ್ಟು, ಕನ್ನಡಕ ಏರಿಸಿ ಇಳಿಸಿ, ತಡೆದು ತಡೆದು ಓದಿದರು. ಮುಗಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದರು.

"ತಂಗಿ, ಕಾಗದ ಹಿಡಕೊಂಡು ಜನರ ಮುಂದ ನಿಂತ್ರ, ಇವ ತಾಲೀಮಿಗೆ ಬಂದಿಲ್ಲ ಅಂತಾರ ನಮ್ಮೂರಾಗ."

ಇದು ತಾಲೀಮು ಮಾಡಿ ಆಡುವ ನಾಟಕವಲ್ಲ, ಇವತ್ತು ಇದ್ದ ಮಾತು ನಾಳೆ ಇರುವುದಿಲ್ಲ, ದಯವಿಟ್ಟು ಬಾಯಿಪಾಠ ಮಾಡಬೇಡಿ ಅಂತ ನಾನು ತಿಳಿಸಿ ಹೇಳಿದೆ. ಕಾಕಾ ತುಂಬ ವಿನಯದಿಂದ ತಲೆಯಾಡಿಸಿದರು. ಎಷ್ಟೋ ವರ್ಷ ಕೊನೆಯ ಬೆಂಚಿನವರನ್ನು ನೋಡಿದ ನನಗೆ ಆ ತಲೆಯಾಡಿಸುವುದರ ಅರ್ಥ ಆಗಬೇಕಿತ್ತು, ಆಗಲಿಲ್ಲ.

ಮುಂದಿನ ವಾಚನ ತಿಕೋಟಾದಲ್ಲೇ ಆಗಬೇಕು, ಅಮ್ಮನನ್ನು ಕರೆತರುತ್ತೇನೆ ಅಂದಳು ಹುಡುಗಿ. ಆದರೆ ಅದಕ್ಕೆ ಮುಂಚೆ ಬಂದು ತಿದ್ದಿದ ಪ್ರತಿ ನನ್ನ ಕೈಗಿಟ್ಟಾಗ ನೋಡುತ್ತೇನೆ, ಗಂಡನ ಆ ಕೊನೆಯ ಮಾತೇ ಇಲ್ಲ. ಅವನು ಕರವಸ್ತ್ರ ಇಡುತ್ತಾನೆ, ಹೊರಗೆ ಹೋಗುತ್ತಾನೆ. ಅಷ್ಟೇ. ಇಡೀ ನಾಟಕದ ಜೀವವನ್ನೇ ಹೊಡೆದುಹಾಕಿದ್ದೀಯಲ್ಲ ಅಂದೆ.

"ನಮ್ಮ ಅಬ್ಬಾ ಹಂಗ ಎಂದೂ ಅಂದಿಲ್ರಿ ಮೇಡಂ," ಅಂದಳು. "ನಾನಽ ಹುಟ್ಟಿಸಿ ಬರದದ್ದು. ಅಮ್ಮಾ ಕೇಳಿದ್ರ, ಸತ್ತವರ ಬಾಯಾಗ ಮಗಳು ಸುಳ್ಳ ಮಾತು ತುರುಕ್ಯಾಳ ಅಂತಾಳ. ಆಮ್ಯಾಲ ಇದ್ದ ಮಾತೂ ನಿಂತ ಹೋಗ್ತಾವ."

ನಾನು ಹೊಸ ಪ್ರತಿಯನ್ನೇ ಚೀಲಕ್ಕೆ ಹಾಕಿಕೊಂಡೆ. ಬರೆದವರದೇ ಕೊನೆಯ ಮಾತು ಅಂತ ನಿಯಮ ಮಾಡಿದವಳೂ ನಾನೇ.

ತಿಕೋಟಾದಲ್ಲಿ ಹಂಗಾಮು ಮುಗಿದು ಖಾಲಿಯಾಗಿದ್ದ ಶೆಡ್ಡೊಂದನ್ನು ಗುಡಿಸಿ ಕುರ್ಚಿ ಹಾಕಿದ್ದರು. ಒಣದ್ರಾಕ್ಷಿಯ ಸಿಹಿ ಹುಳಿ ವಾಸನೆ ಹಾಗೇ ಇತ್ತು. ಸಾಲಿ ಟೀಚರುಗಳು, ಶೆಡ್ಡಿನ ಹೆಂಗಸರು, ಓಣಿಯ ಹಿರಿಯರು ಬಂದು ತುಂಬಿದರು. ತಾಯಿಯೂ ಬಂದರು. ಸಣ್ಣ ದೇಹ, ತಲೆಯ ಮೇಲೆ ಸೆರಗು. ಮುಂದಿನ ಕುರ್ಚಿ ತೋರಿಸಿದರೆ ಕೂರಲೊಲ್ಲರು. ಮನೆಯಲ್ಲಿ ಕೆಲಸ ಬಿದ್ದಿದೆ, ಸ್ವಲ್ಪ ಕೇಳಿ ಹೋಗಿಬಿಡುತ್ತೇನೆ ಅಂತ ಬಾಗಿಲ ಕಂಬ ಹಿಡಿದು ನಿಂತುಬಿಟ್ಟರು. ಶೆಡ್ಡಿನ ಹೆಂಗಸರು ಕರೆದರು, ಮಗಳು ಹೋಗಿ ಕೈ ಹಿಡಿದು ಎಳೆದಳು, ಆಗಲಿಲ್ಲ.

ಬಸ್ಸಿಳಿದು ಬಂದ ಕಾಕಾಗೆ ಹೊಸ ಪ್ರತಿ ಕೊಟ್ಟೆ. ಇಸ್ತ್ರಿಯ ಅಂಗಿ, ಹಣೆಗೆ ವಿಭೂತಿ. ಎರಡೂ ಕೈಯಲ್ಲಿ ಕಾಗದ ಇಸಿದುಕೊಂಡು ಎದೆಯ ಮುಂದೆ ಹಿಡಿದು ನಿಂತರು. ಓದು ಶುರುವಾಯಿತು. ಎಲ್ಲೂ ತಡೆಯಲಿಲ್ಲ, ಕನ್ನಡಕ ಮುಟ್ಟಲಿಲ್ಲ. ಕಾಕಾ ಅಂತೂ ಓದು ಕಲಿತರು ಅಂತ ನಾನು ಒಳಗೊಳಗೇ ಹಿಗ್ಗಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನರ್ಸ್ ಹಾಳೆ ತಿರುವುತ್ತಿದ್ದಾಳೆ, ನಾನು ತಿರುವುತ್ತಿದ್ದೇನೆ, ಇವರ ಕೈಯಲ್ಲಿ ಮೊದಲ ಹಾಳೆಯೇ ಇದೆ. ನನ್ನ ಸಮಾಧಾನಕ್ಕೆ ಕಾಗದ ಹಿಡಿದಿದ್ದರು, ಅಷ್ಟೇ. ಹಳೆಯ ಪ್ರತಿಯನ್ನು ಅಂಗಡಿಯಲ್ಲಿ ಬೇಳೆ ತೂಗುತ್ತ, ಗಿರಾಕಿಗಳಿಗೆ ಒಪ್ಪಿಸುತ್ತ ಪೂರ್ತಿ ಬಾಯಿಪಾಠ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು.

ಅದು ಹೊಳೆಯುವ ಹೊತ್ತಿಗೆ ಕೊನೆಯ ಸಂಜೆ ಬಂದಿತ್ತು. ರಂಗಸೂಚನೆ ಓದುವವಳು ನಾನು. 'ಗಂಡ ಕರವಸ್ತ್ರವನ್ನು ಗೂಡಿನಲ್ಲಿ ಇಡುತ್ತಾನೆ' ಅಂದೆ. ಮುಂದಿನದು 'ಹೊರಗೆ ಹೋಗುತ್ತಾನೆ'. ಅದನ್ನು ಓದಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಾಕಾ ನರ್ಸಿನ ಕಡೆ ತಿರುಗಿದರು. ಇವತ್ತ ನೀ ಕುಂಡ್ರು ಅಂದರು. ಚಹಾ ಮಾಡುತ್ತೇನೆ ಅಂದರು. ಒಂದಕ್ಷರ ಬಿಡದೆ ಅಷ್ಟನ್ನೂ ಅಂದರು.

ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನರ್ಸ್ ತನ್ನ ಹಾಳೆಯಲ್ಲಿ ಇಲ್ಲದ ಮಾತನ್ನು ಹುಡುಕುತ್ತಿದ್ದಳು. ನಾನು 'ನಾಟಕ ಮುಗಿಯಿತು' ಅಂದೆ. ತಪ್ಪಾದದ್ದು ಕಾಕಾಗೆ ಇನ್ನೂ ಗೊತ್ತಿರಲಿಲ್ಲ. ಅವರು ಮಾತ್ರ ತೃಪ್ತಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

ಯಾವ ಮಾತು ನಿಮ್ಮ ಜೊತೆ ಉಳಿಯಿತು ಅಂತ ರೂಢಿಯಂತೆ ಕೇಳಿದೆ. ಆಗ ಬಾಗಿಲ ಕಡೆಯಿಂದ ತಾಯಿಯ ದನಿ ಬಂತು, ಕೆಲಸದ ಮಾತಾಡಿದ ಹಾಗೆ, ಸಣ್ಣಗೆ.

"ನಮ್ಮ ಮನ್ಯಾಗ ಅವರು ಹಂಗ ಎಂದೂ ಅಂದಿಲ್ರಿ ಅಕ್ಕಾರ."

ಮಗಳು ತಲೆ ತಗ್ಗಿಸಿದಳು. ಅವಳು ಹೆದರಿದ್ದೇ ಆಯಿತು. ಏನಾದರೂ ಸಮಜಾಯಿಷಿ ಹೇಳಬೇಕು, ತಪ್ಪು ಹುಡುಗಿಯದಲ್ಲ ಅನ್ನಬೇಕು ಅಂತ ನಾನು ಎದ್ದೆ. ತಾಯಿ ಮಗಳನ್ನಾಗಲಿ ನನ್ನನ್ನಾಗಲಿ ನೋಡುತ್ತಿರಲಿಲ್ಲ. ಕಾಕಾನನ್ನೇ ನೋಡುತ್ತಿದ್ದರು.

"ಅನಬೇಕಂತ ಅವರಿಗೆ ಇತ್ತೇನೋ. ಇನ್ನೊಮ್ಮೆ ಅನ್ನಸ್ರಿ."

ಕಾಕಾ ನನ್ನ ಮುಖ ನೋಡಿದರು. ನಮ್ಮಲ್ಲಿ ಅದು ನಡೆಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಾನು ತಲೆಯಾಡಿಸಿದೆ. ಅವರು ಕಾಗದವನ್ನು ಕುರ್ಚಿಯ ಮೇಲಿಟ್ಟು, ಬಾಗಿಲ ಕಡೆ ಎರಡು ಹೆಜ್ಜೆ ಹೋದರು. ಹೀರೋನ ಗತ್ತು ಎಲ್ಲಿ ಹೋಗಿತ್ತೋ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಅಂದರು.

"ಇವತ್ತ ನೀ ಕುಂಡ್ರು. ಚಾ ನಾ ಮಾಡ್ತೀನಿ."

ಇನ್ನೂ ಮಾತು ಉಳಿದಿತ್ತು. ಅಷ್ಟರಲ್ಲಿ ತಾಯಿ ಕಂಬ ಬಿಟ್ಟರು. ಹತ್ತಿರದ ಕುರ್ಚಿಯನ್ನು ಕೈಯಿಂದ ತಡವಿ ನೋಡಿ, ಅದರ ಮೇಲೆ ಕೂತರು.