ಹಳೆಯ ಶಿವದಾರ

ನಮ್ಮ ಚಿಪ್ಪಗಿರಿಯ ಏಕಾಂತಪ್ಪ ಕಬಡ್ಡಿಯಾಟದಲ್ಲಿ ‘ಚೆಡುಗುಡು ಚೆಡುಗುಡು’ ಎನ್ನುತ್ತ ಎದುರಾಳಿಗಳ ಅಂಗಳಕ್ಕೆ ನುಗ್ಗಿದನೆಂದರೆ, ನಾವು ಎಲೆ ಅಡಿಕೆ ಹಾಕಿಕೊಂಡು ಉಗುಳಿ ಬರುವವರೆಗೂ ಅವನ ಉಸಿರು ಮುಗಿಯುತ್ತಿರಲಿಲ್ಲ. ಆ ಉಸಿರೊಂದನ್ನು ಬಿಟ್ಟರೆ ಅವನಿಗೆ ಬೇರೆ ಆಸ್ತಿಯೂ ಇರಲಿಲ್ಲ ಅನ್ನಿ. ಕೂಲಿ ಸಿಕ್ಕರೆ ಮಾಡುವನು. ಎಲ್ಲೋ ಆಟ ಇದೆಯೆಂದು ಕಿವಿಗೆ ಬಿದ್ದರೆ ಕುಂಟೆಯನ್ನು ಅಲ್ಲೇ ಬಿಟ್ಟು ಓಡುವನು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ದೇವನಕೊಂಡದ ಅವನ ಮಾವ ಸಿದ್ದಬಸಪ್ಪ ಎಷ್ಟು ದಿನ ಅಂತ ನೋಡಿಯಾನು? ಮೂವತ್ತೇಳನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಬಂಡಿ ಕಟ್ಟಿಕೊಂಡು ಬಂದು ಮಗಳು ಹೂವಮ್ಮನನ್ನು ಹತ್ತಿಸಿಕೊಂಡ.

“ನೋಡಪಾ, ಯುಗಾದಿತನಕ ಕಾಯ್ತೀನಿ. ಕಾಯಂ ಕೆಲಸ ಹಿಡಕೊಂಡು ಬಾ, ಮಗಳನ್ನ ಕಳಸ್ತೀನಿ. ಇಲ್ಲಂದ್ರ ಉಡಿಕಿ ಮಾಡಿ ಕೊಡ್ತೀನಿ. ಗಂಡು ನೋಡೀನಿ” ಎಂದ.

ಉಡಿಕಿ ಎಂದರೆ ಹೆಣ್ಣಿಗೆ ಎರಡನೆಯ ಮದುವೆ. ಹಿರಿಯರು ಒಪ್ಪಿದರೆ ನಮ್ಮಲ್ಲಿ ನಡೆಯುತ್ತಿತ್ತು. ಹೂವಮ್ಮ ಬಂಡಿಯಲ್ಲಿ ಕುಳಿತು ಅತ್ತಳು. ಇವನು ಬಂಡಿ ಮರೆಯಾದ ಮೇಲೆ ಅತ್ತ. ಒಟ್ಟಿಗೆ ಅತ್ತಿದ್ದರೆ ಮಾವನ ಮನಸ್ಸಾದರೂ ಕರಗುತ್ತಿತ್ತೋ ಏನೋ.

ಪ್ರತಿ ಶಿವರಾತ್ರಿಗೆ ಹತ್ತಿ ಹೊಸೆದು, ಗಂಡನ ಕೊರಳಿನ ಲಿಂಗಕ್ಕೆ ಹೊಸ ಶಿವದಾರ ಹಾಕುತ್ತಿದ್ದವಳು ಹೂವಮ್ಮನೇ. ಆ ವರ್ಷ ಶಿವರಾತ್ರಿ ಬಂದು ಹೋಯಿತು. ಅವನು ದಾರ ಬದಲಿಸಲಿಲ್ಲ. ಬೇರೆ ಯಾರ ಕೈಯಲ್ಲಾದರೂ ಹೊಸೆಸಿಕೋ ಎಂದು ನಾನು ಬಾಯಿ ಬಡಿದುಕೊಂಡೆ. ಕೇಳುವ ಪೈಕಿಯೇ ಅವನು!

ಯುಗಾದಿಗೆ ಎರಡು ದಿನ ಮುಂಚೆ ಆದೋನಿಯಲ್ಲಿ ಸುತ್ತಲಿನ ಊರುಗಳ ಆಟೋಟ ನಡೆಯಿತು. ಓಟ, ಕುಸ್ತಿ, ಹಗ್ಗಜಗ್ಗಾಟ, ಕೊನೆಗೆ ಚೆಡುಗುಡು. ಹತ್ತಿ ವ್ಯಾಪಾರಿ ಮರಿಬಸಪ್ಪನವರಿಗೆ ತಮ್ಮ ಜಿನ್ನಿಗೆ, ಅಂದರೆ ಹತ್ತಿ ಬಿಡಿಸುವ ಗಿರಣಿಗೆ, ಒಂದು ಚೆಡುಗುಡು ತಂಡ ಕಟ್ಟುವ ಹುಚ್ಚು. ಗೆದ್ದ ತಂಡದ ಮುಂದಾಳಿಗೆ ಜಿನ್ನಿನಲ್ಲಿ ಕಾಯಂ ಕೆಲಸ ಎಂದು ಡಂಗುರ ಹೊಡೆಸಿದರು. ಏಕಾಂತಪ್ಪನೇ ನಮ್ಮ ಮುಂದಾಳು. ಯಾವ ಆಟ ಹೆಂಡತಿಯನ್ನು ಕಳೆದಿತ್ತೋ ಅದೇ ಆಟ ಅವಳನ್ನು ತಂದುಕೊಡುತ್ತದೆಂದು ಹುಚ್ಚನಂತೆ ನಂಬಿದ. ನಾವೂ ನಂಬಿದೆವು.

ಕೊನೆಯ ಪಂದ್ಯ ಉರುಕುಂದದವರ ಮೇಲೆ. ಎರಡೂ ಕಡೆ ಸಮ. ಕೊನೆಯ ಸಲ ಏಕಾಂತಪ್ಪ ಹೋಗಬೇಕು. ಒಂದೇ ಉಸಿರಿನಲ್ಲಿ ಒಬ್ಬನನ್ನು ಮುಟ್ಟಿ ನಡುಗೆರೆಗೆ ಬಂದರೆ ಗೆಲುವು; ಉಸಿರು ಕಡಿದರೆ, ನಡುವೆ ಬೇರೆ ಮಾತು ಬಂದರೂ, ಸೋಲು.

ಹೋದ, ಮುಟ್ಟಿದ. ಅವರ ಮುಂದಾಳು ಬಜಾರಪ್ಪ ಹಿಂದಿನಿಂದ ಎದೆಗೆ ತೆಕ್ಕೆ ಹಾಕಿದ. ಏಕಾಂತಪ್ಪ ಎಳೆದುಕೊಂಡೇ ಗೆರೆಯತ್ತ ಬಂದ, ಬಾಯಲ್ಲಿ ಚೆಡುಗುಡು ನಿಂತಿರಲಿಲ್ಲ. ಅಷ್ಟರಲ್ಲಿ ತೆಕ್ಕೆಯೊಳಗೆ ಹಳೆಯ ದಾರ ಹರಿಯಿತು. ಲಿಂಗ ಜಾರಿತು. ನೆಲಕ್ಕೆ ಬೀಳುವ ಮೊದಲೇ ಕೈಯಲ್ಲಿ ಹಿಡಿದ, ಹಿಡಿಯುವಾಗ ಬಾಯಿಂದ “ಶಿವಾ!” ಎಂದು ಬಂದುಹೋಯಿತು. ಮರುಗಳಿಗೆಯೇ ಚೆಡುಗುಡು ಎನ್ನುತ್ತ ಗೆರೆ ದಾಟಿ ಬಿದ್ದ.

ಜನ ಕೂಗಿದ ಕೂಗಿಗೆ ಆ ಒಂದು ಮಾತು ಯಾರಿಗೂ ಕೇಳಿಸಲಿಲ್ಲ, ಬಜಾರಪ್ಪನೊಬ್ಬನನ್ನು ಬಿಟ್ಟು. “ದಮ್ಮು ಕಡೀತ್ರಿ, ಶಿವಾ ಅಂದಾನ!” ಎಂದು ಅವನು ಹೊಯ್ಕೊಂಡ. ತೀರ್ಪು ಹೇಳಲು ನಿಂತಿದ್ದ ಸೇತುಮಾಧವ ಮಾಸ್ತರರು ಏಕಾಂತಪ್ಪನ ಬಳಿ ಬಂದು ಬಗ್ಗಿದರು.

“ನನಗ ಕೇಳಿಸಲಿಲ್ಲಪ್ಪ. ನೀನಾ ಹೇಳು. ನೀ ಹೇಳಿದ್ದಾ ತೀರ್ಪು. ದಮ್ಮು ಕಡೀತೇನು?”

ಇಲ್ಲ ಅಂದರೆ ಸಾಕಿತ್ತು. ಒಂದು ಮಾತು, ಹೆಂಡತಿ ಮನೆಗೆ ಬರುತ್ತಿದ್ದಳು. ನಾವೆಲ್ಲ ಕಣ್ಣಿನಲ್ಲೇ ಬೇಡಿದೆವು. ಅವನು ನಮ್ಮನ್ನು ನೋಡಲಿಲ್ಲ. ಬಲಗೈ ಮುಷ್ಟಿಯನ್ನೇ ನೋಡಿದ. ಲಿಂಗ ಕೈಯಲ್ಲಿತ್ತು.

“ಕಡೀತ್ರಿ, ಮಾಸ್ತರ” ಎಂದ. ಹೇಳಿ ಮಣ್ಣಿನಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತ.

ಮರುದಿನ ದೇವನಕೊಂಡಕ್ಕೆ ಹೊರಟ. ಒಬ್ಬನೇ ಹೋದರೆ ಏನು ಮಾಡಿಕೊಳ್ಳುವನೋ ಎಂದು ಜೊತೆಗೆ ನಾನೂ ಹೋದೆ. ಸಿದ್ದಬಸಪ್ಪ ಕಟ್ಟೆಯ ಮೇಲೆ ಕುಳಿತೇ ಎಲ್ಲ ಕೇಳಿದ. “ಸುಳ್ಳು ಹೇಳಲಿಲ್ಲ, ಛಲೋ ಮಾಡ್ದಿ. ಆದ್ರ ಸತ್ಯ ಉಂಡು ನನ್ನ ಮಗಳು ಬದುಕ್ತಾಳೇನು? ಆ ಗಂಡಿನವರಿಗೆ ಮಾತು ಕೊಟ್ಟಾಗೇತಿ” ಎಂದ.

ಹೂವಮ್ಮ ಬಾಗಿಲಿಗೆ ಬಂದಳು. ಅವಳ ಕಣ್ಣು ಮೊದಲು ಹೋದದ್ದು ಗಂಡನ ಕೊರಳಿಗೆ, ಗಂಟು ಬಿದ್ದ ದಾರದ ಮೇಲೆ.

“ಯಾಕ್ರಿ, ದಾರ ಬದಲಿ ಮಾಡಲಿಲ್ಲೇನ್ರಿ?”

“ನೀ ಬರ್ತಿ ಅಂತ ಇಟ್ಟಿದ್ದೆ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಬಹಳ ಹೊತ್ತಿನ ಮೇಲೆ ಹೊಸದಾಗಿ ಹೊಸೆದ ದಾರ ಹಿಡಿದು ಬಂದಳು. ಏಕಾಂತಪ್ಪ ರೂಢಿಯಂತೆ ತಲೆ ಬಗ್ಗಿಸಿ ನಿಂತ. ಅವಳು ಅಪ್ಪನ ಕಡೆ ನೋಡಿದಳು. ಆಮೇಲೆ ದಾರವನ್ನು ಅವನ ಅಂಗೈಗೆ ಇಟ್ಟು, “ಇನ್ನ ನೀವಾ ಹಾಕ್ಕೋರಿ” ಎಂದಳು.

ಅವನ ಕೈಯಲ್ಲಿ ಗಂಟು ಬೀಳಲಿಲ್ಲ. ಊರ ಹೊರಗೆ ಬಂದ ಮೇಲೆ ನಾನೇ ಕಟ್ಟಿದೆ.